ಹಳೆಯ ದೊಡ್ಡ ಗಾಡಿಯೋ, ಹೊಸ ಸಣ್ಣ ಗಾಡಿಯೋ? ಸೆಕೆಂಡ್ ಹ್ಯಾಂಡ್ ಐಷಾರಾಮಿ ಎಸ್‌ಯುವಿ: ಕಲಬುರಗಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ತೊಗರಿಗೆ ಒಳ್ಳೆ ರೇಟು ಬಂದ ವರ್ಷ ನನ್ನ ಫೋನು ಜಾಸ್ತಿ ಬಡಿದುಕೊಳ್ಳುತ್ತದೆ. ಆಳಂದದಿಂದ ಒಬ್ಬರು, ಸೇಡಂನಿಂದ ಒಬ್ಬರು, ಬೀದರಿನಿಂದ ಮಾವನ ಕಡೆಯವರು. ಎಲ್ಲರದ್ದೂ ಒಂದೇ ಮಾತು. ಇಷ್ಟು ದುಡ್ಡಿದೆ, ಹತ್ತು ವರ್ಷದ ದೊಡ್ಡ ಜರ್ಮನ್ ಗಾಡಿ ಬರುತ್ತದೆ, ನಾಲ್ಕು ವರ್ಷದ ಚಿಕ್ಕದೂ ಬರುತ್ತದೆ, ಯಾವುದು ತಗೊಳ್ಳಲಿ? ನಾನು ಮೆಕ್ಯಾನಿಕ್ ಅಲ್ಲ. ಮೂರು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಒಂದರಲ್ಲಿ ಕೈ ಸುಟ್ಟುಕೊಂಡವನು. ಹೇಳಿದ್ದೇ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೆ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ ಅಣ್ಣ, ಹಳೆಯದೋ ಹೊಸದೋ?

ಮನೆಗೆ ಇದೊಂದೇ ಗಾಡಿ, ಇದರಲ್ಲೇ ಮಕ್ಕಳ ಶಾಲೆ, ಇದರಲ್ಲೇ ತಿರುಪತಿ ಅನ್ನುವವರಾದರೆ ಹೊಸದು. ಹೊಸದು ಅಂದರೆ ನಿನ್ನೆ ಮೊನ್ನೆಯದಲ್ಲ, ನಾಲ್ಕರಿಂದ ಆರು ವರ್ಷದ್ದು. ಮನೆಯಲ್ಲಿ ಇನ್ನೊಂದು ಗಾಡಿ ಇದೆ, ಇದು ಶೋಕಿಗೆ, ಹದಿನೈದು ದಿನ ಗ್ಯಾರೇಜಿನಲ್ಲಿ ನಿಂತರೂ ಕೆಲಸ ನಿಲ್ಲುವುದಿಲ್ಲ ಅನ್ನುವವರು ಹಳೆಯದರ ಕಡೆ ನೋಡಬಹುದು.

ಇದರಲ್ಲಿ ಗಾಡಿಯ ಗುಣಕ್ಕಿಂತ ನಮ್ಮ ಊರು ಇರುವ ಜಾಗದ್ದೇ ಮಾತು ದೊಡ್ಡದು. ಬೆಂಗಳೂರಿನವರ ಹಳೆಯ ಆಡಿ ಕೆಟ್ಟರೆ ಅವರು ಅದನ್ನು ವರ್ಕ್‌ಶಾಪಿಗೆ ಬಿಟ್ಟು ಆಟೊ ಹತ್ತಿ ಮನೆಗೆ ಹೋಗುತ್ತಾರೆ. ನಮ್ಮದು ಕೆಟ್ಟರೆ ಲಾರಿ ಮೇಲೆ ಏರಿಸಿ, ಹುಮನಾಬಾದ್ ದಾಟಿಸಿ, ಜಹೀರಾಬಾದ್ ದಾಟಿಸಿ ಹೈದರಾಬಾದ್ ಮುಟ್ಟಿಸಬೇಕು. ಸುಮಾರು 220 ಕಿಲೋಮೀಟರ್. ಗಾಡಿ ನೋಡುವ ಮೊದಲು ಅದನ್ನು ಯಾರು ರಿಪೇರಿ ಮಾಡುತ್ತಾರೆ, ಎಲ್ಲಿ ಕೂತಿದ್ದಾರೆ ಅಂತ ನೋಡಿ.

70 ಲಕ್ಷದ ಗಾಡಿ 15 ಲಕ್ಷಕ್ಕೆ ಸಿಕ್ಕರೆ ಲಾಭವೇ ಅಲ್ವಾ?

ಗಾಡಿಯ ರೇಟು ಇಳಿದಿದೆ. ಅದರ ಸಾಮಾನಿನ ರೇಟು ಇಳಿದಿಲ್ಲ. ನೀವು 15 ಲಕ್ಷ ಕೊಟ್ಟಿರಬಹುದು, ಆದರೆ ಅದರ ಹೆಡ್‌ಲೈಟು, ಟರ್ಬೊ, ಗೇರ್‌ಬಾಕ್ಸು ಎಲ್ಲ 70 ಲಕ್ಷದ ಗಾಡಿಯದ್ದೇ. ಕೌಂಟರಿನಲ್ಲಿ ಕೂತವನು ನೀವು ಎಷ್ಟಕ್ಕೆ ಕೊಂಡಿರಿ ಅಂತ ಕೇಳಿ ಬಿಲ್ ಹರಿಯುವುದಿಲ್ಲ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ತೆರಿಗೆ ಇಳಿದಿದೆ. ಮೊದಲು ಜಿಎಸ್‌ಟಿ, ಸೆಸ್ ಎರಡೂ ಸೇರಿ ನೂರಕ್ಕೆ 50ರವರೆಗೆ ಇತ್ತು, ಈಗ 40. ಹಾಗಾಗಿ ಮಾರುವವನು ತನ್ನ ಹಳೆಯ ಬಿಲ್ ತೋರಿಸಿ "ನಾನು ಇಷ್ಟು ಕೊಟ್ಟಿದ್ದೆ" ಅಂದರೆ ಅದು ಅವನ ಕಥೆ. ಅದೇ ಮಾಡೆಲ್ ಇವತ್ತು ಶೋರೂಮಿನಲ್ಲಿ ಎಷ್ಟಿದೆ ನೋಡಿ, ಅಲ್ಲಿಂದ ಕೆಳಗೆ ಇಳಿಸುತ್ತಾ ಬನ್ನಿ.

ಹಳೆಯದರಲ್ಲಿ ಅಂಥದ್ದೇನು ಕೆಡುತ್ತದೆ? ಜರ್ಮನ್ ಗಾಡಿ ಗಟ್ಟಿ ಅಂತಾರಲ್ಲ?

ಬಾಡಿ ಗಟ್ಟಿ. ಬಾಗಿಲು ಹಾಕಿದರೆ ಧಪ್ ಅನ್ನುತ್ತದೆ, ಅದರಲ್ಲೇ ಅರ್ಧ ಜನ ಮರುಳಾಗುವುದು. ಕೆಡುವುದು ಬಾಗಿಲಲ್ಲ.

ಏರ್ ಸಸ್ಪೆನ್ಷನ್‌ನಿಂದ ಶುರು ಮಾಡೋಣ. ಹಳೆಯ ಆಡಿ ಕ್ಯೂ7, ಮರ್ಸಿಡಿಸ್ ಜಿಎಲ್, ರೇಂಜ್ ರೋವರ್ ತರಹದ ದೊಡ್ಡ ಗಾಡಿಗಳ ಹಲವು ಮಾಡೆಲ್‌ಗಳಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಹೊಸದಿದ್ದಾಗ ತೊಟ್ಟಿಲಲ್ಲಿ ಕೂತ ಹಾಗೆ. ರಬ್ಬರಿಗೆ ವಯಸ್ಸಾದರೆ ಬಿರುಕು ಬಿಟ್ಟು ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಓಡಿ ಓಡಿ ಅದೂ ಸುಟ್ಟುಹೋಗುತ್ತದೆ.

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ಒಂಬತ್ತು ವರ್ಷದ ಒಂದು ದೊಡ್ಡ ಗಾಡಿ, ಬಣ್ಣ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕೊಂಡ ಮೂರನೇ ವಾರ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಹಿಂದಿನ ಎಡಗಡೆ ಕುಸಿದು ಕೂತಿದೆ, ಕಾಲು ಉಳುಕಿದ ಎಮ್ಮೆ ಹಾಗೆ. ರಿಂಗ್ ರೋಡಿನ ಮಿಸ್ತ್ರಿಯನ್ನು ಕರೆಸಿದೆ. ಬಗ್ಗಿ ನೋಡಿದ, ಎದ್ದು ಕೈ ಒರೆಸಿಕೊಂಡ, "ಗಾಡಿ ಚಲೋ ಅದ್ರಿ ಅಣ್ಣಾರ, ಖರೆ ಇದರ ಸಾಮಾನ ನಮ್ಮ ಬಲ್ಲಿ ಸಿಗಂಗಿಲ್ಲ" ಅಂದ. ಆ ಮಾತಿಗೆ ಅವನು ದುಡ್ಡೂ ತಗೊಳ್ಳಲಿಲ್ಲ. ಎರಡು ಗಾಳಿ ಚೀಲ, ಒಂದು ಕಂಪ್ರೆಸರ್, ಲಾರಿ ಬಾಡಿಗೆ, ಹನ್ನೊಂದು ದಿನ. ಬಿಲ್ ನೋಡಿ ಮನೆಯವಳು ಎರಡು ದಿನ ಮಾತಾಡಲಿಲ್ಲ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಈ ಗಾಡಿಗಳ ಕೂಲಿಂಗ್ ಲೈನಿನಲ್ಲಿ ಪ್ಲಾಸ್ಟಿಕ್ ಜಾಸ್ತಿ: ಕೂಲಂಟ್ ಡಬ್ಬಿ, ಥರ್ಮೋಸ್ಟಾಟ್ ಕವರ್, ಪೈಪಿನ ಮೂತಿ. ಹತ್ತು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಮುರಿದದ್ದು ಸಣ್ಣ ಸಾಮಾನೇ, ಆದರೆ ಕೂಲಂಟ್ ಖಾಲಿಯಾದದ್ದು ಗೊತ್ತಾಗದೆ ಇನ್ನೈದು ಕಿಲೋಮೀಟರ್ ಓಡಿಸಿದರೆ ಎಂಜಿನ್ ಹೆಡ್ಡೇ ಸೊಟ್ಟ ಆಗುತ್ತದೆ.

ಕೆಲವು ಎಂಜಿನ್‌ಗಳಿಗೆ ಹುಟ್ಟಿನಿಂದ ಬಂದ ಕಾಯಿಲೆ ಇರುತ್ತದೆ. ಬಿಎಂಡಬ್ಲ್ಯೂದ ಎನ್47 ಅನ್ನುವ 2 ಲೀಟರ್ ಡೀಸೆಲ್ ಎಂಜಿನ್ ಮೊದಲ ತಲೆಮಾರಿನ ಎಕ್ಸ್1ನಲ್ಲಿ ಬರುತ್ತಿತ್ತು. ಅದರ ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಸರಪಳಿ, ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಸವೆದ ಚೈನು ಬದಲಿಸಬೇಕಾದರೆ ದೊಡ್ಡ ಬಿಚ್ಚಾಟ. ಬದಲಿಸದೆ ತುಂಡಾದರೆ ಎಂಜಿನ್ನೇ ಹೋಯಿತು. ಅಂಥ ಗಾಡಿ ನೋಡಲು ಹೋದರೆ ಚೈನ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಚಹಾ ಕುಡಿದು ಎದ್ದು ಬನ್ನಿ.

ಗೇರ್‌ಬಾಕ್ಸ್ ಎಣ್ಣೆಯದ್ದೂ ಒಂದು ತಮಾಷೆ. "ಇದು ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ" ಅಂತ ಹೇಳುವವರು ಬಹಳ. ಬಿಎಂಡಬ್ಲ್ಯೂ ಮತ್ತು ಇನ್ನೂ ಹಲವರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80 ಸಾವಿರದಿಂದ 1.2 ಲಕ್ಷ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಯಾರ ಮಾತು ಕೇಳಬೇಕು ನೀವೇ ನೋಡಿ.

ಹೊಸದಕ್ಕೆ ಏನೂ ಕಾಟ ಇಲ್ವಾ ಹಾಗಾದರೆ?

ಇದೆ, ಕಾಟ ಬೇರೆ ತರಹದ್ದು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆಯ ಬಿಗಿ ನಿಯಮ ಬಂತು. ಡೀಸೆಲ್ ಗಾಡಿಯ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಅನ್ನುವ ಜರಡಿ ಬಂತು. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು, ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಅದನ್ನು ಸುಟ್ಟು ಹಾಕುತ್ತದೆ. ನೀವು ದಿನಾ ಸೂಪರ್ ಮಾರ್ಕೆಟ್‌ನಿಂದ ಸೇಡಂ ರೋಡಿಗೆ, ಅಲ್ಲಿಂದ ಮನೆಗೆ, ಇಷ್ಟೇ ಓಡಿಸಿದರೆ ಸುಡಲು ಸಮಯವೇ ಸಿಗುವುದಿಲ್ಲ. ಜರಡಿ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಗಾಡಿ ಎಳೆಯುವುದಿಲ್ಲ. ವಾರಕ್ಕೊಮ್ಮೆ ಹುಮನಾಬಾದ್ ತನಕ ಬಿಟ್ಟುಕೊಂಡು ಹೋಗಿ ಬನ್ನಿ, ಅರ್ಧ ರೋಗ ವಾಸಿ. ವಾರದಲ್ಲಿ ನಾಲ್ಕು ದಿನ ಹೈವೇ ಓಡುವವರಿಗೆ ಈ ಚಿಂತೆಯೇ ಇಲ್ಲ.

ಹಲವು ಡೀಸೆಲ್ ಗಾಡಿಗಳಿಗೆ ಆಡ್‌ಬ್ಲೂ ಕೂಡ ಬೇಕು. ಅದು ಯೂರಿಯಾ ನೀರು, ಬೇರೆ ಟ್ಯಾಂಕು. ಖಾಲಿಯಾಗಿ ಎಚ್ಚರಿಕೆ ಕೊಟ್ಟ ಮೇಲೂ ಹಾಕದಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕ್ಯಾನು ತಂದು ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಇಡಬೇಡಿ, ಬಿಸಿಗೆ ಬೇಗ ಕೆಡುತ್ತದೆ. ಹೊಲಕ್ಕೆ ತಂದ ಯೂರಿಯಾ ಕಲಸಿ ಹಾಕಿದರೆ ಆಗಲ್ವಾ ಅಂತ ಒಬ್ಬ ಕಾಕಾ ಕೇಳಿದ್ದರು. ಆಗಲ್ಲ ಕಾಕಾ. ಅದಕ್ಕೆ ಬೇಕಾದ ಯೂರಿಯಾ ಬೇರೆ, ಬಹಳ ಶುದ್ಧದ್ದು. ಹೊಲದ್ದು ಹಾಕಿದರೆ ಪೂರ್ತಿ ಲೈನೇ ಕಟ್ಟುತ್ತದೆ.

ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಬಂಪರಿನಲ್ಲಿ ರಾಡಾರ್ ಇರುವ ಗಾಡಿಗಳೂ ಈಗ ಬಹಳ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗುವಾಗ ಒಂದು ಕಲ್ಲು ಸಿಡಿದು ಗಾಜು ಬಿರಿದರೆ ಗಾಜು ಕೂರಿಸಿದರಷ್ಟೇ ಸಾಲದು, ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು. ಇನ್ಶೂರೆನ್ಸ್ ಇದ್ದರೆ ಪರವಾಗಿಲ್ಲ.

ಫಾರ್ಚುನರ್, ಎಂಡೇವರ್ ಐಷಾರಾಮಿ ಲೆಕ್ಕಕ್ಕೆ ಬರುತ್ತಾವಾ?

ಜರ್ಮನ್ ಗಾಡಿ ಇಟ್ಟವರು ಇಲ್ಲ ಅನ್ನುತ್ತಾರೆ. ನಮ್ಮ ಕಡೆ ಮದುವೆ ಮಂಟಪದ ಮುಂದೆ ನಿಲ್ಲಿಸಿದರೆ ಎಲ್ಲರೂ ಹೌದು ಅನ್ನುತ್ತಾರೆ.

ಟೊಯೋಟಾದ ಫಾರ್ಚುನರ್ ಭಾರತಕ್ಕೆ 2009ರಲ್ಲಿ ಬಂತು, ಎರಡನೇ ತಲೆಮಾರು 2016ರ ಕೊನೆಗೆ. 2021ರಲ್ಲಿ ಅದೇ 2.8 ಲೀಟರ್ ಡೀಸೆಲ್ ಎಂಜಿನ್ನಿನ ಜೋರು 177ರಿಂದ 204 ಪಿಎಸ್‌ಗೆ ಏರಿತು. ಇದರ ಗುಣವೂ ದೋಷವೂ ಒಂದೇ: ರೇಟು ಇಳಿಯುವುದಿಲ್ಲ. ಆರು ವರ್ಷದ ಫಾರ್ಚುನರಿನ ದುಡ್ಡಿಗೆ ಅಷ್ಟೇ ವಯಸ್ಸಿನ, ಹೊಸದಿದ್ದಾಗ ಅದಕ್ಕಿಂತ ದುಬಾರಿಯಾಗಿದ್ದ ಬಿಎಂಡಬ್ಲ್ಯೂ ಎಕ್ಸ್3 ಬರುವುದೂ ಉಂಟು. ಸುಖ ಎಕ್ಸ್3ನಲ್ಲೇ ಜಾಸ್ತಿ, ಫಾರ್ಚುನರ್ ಹಿಂದಿನ ಸೀಟಿನಲ್ಲಿ ಕೂತು ಜೇವರ್ಗಿ ರೋಡಿಗೆ ಹೋಗಿ ಬಂದವರ ಸೊಂಟ ಕೇಳಿ ಗೊತ್ತಾಗುತ್ತದೆ. ಆದರೆ ಯಾದಗಿರಿ ದಾಟಿ ಯಾವುದೋ ಹಳ್ಳಿಯಲ್ಲಿ ನಿಂತರೂ ಅದಕ್ಕೆ ಕೈ ಹಾಕುವ ಮಿಸ್ತ್ರಿ ಸಿಗುತ್ತಾನೆ. ನಾನು ಈಗ ಓಡಿಸುತ್ತಿರುವುದು ಇದನ್ನೇ. ಮನಸ್ಸು ಇನ್ನೂ ಎಕ್ಸ್5 ಕಡೆ ಎಳೆಯುತ್ತದೆ, ಅದು ಬೇರೆ ಮಾತು.

ಫೋರ್ಡ್ ಎಂಡೇವರ್ ನನಗೆ ಫಾರ್ಚುನರ್‌ಗಿಂತ ಇಷ್ಟದ ಗಾಡಿ. ಅದರ 3.2 ಲೀಟರ್ ಐದು ಸಿಲಿಂಡರ್ ಎಂಜಿನ್ನಿನ ದನಿಯೇ ಬೇರೆ. ಆದರೆ 2021ರ ಸೆಪ್ಟೆಂಬರಿನಲ್ಲಿ ಫೋರ್ಡ್‌ನವರು ಭಾರತದಲ್ಲಿ ಗಾಡಿ ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂದರು. ಕೊಳ್ಳುವ ಮೊದಲು ಫಿಲ್ಟರ್, ಬ್ರೇಕ್ ಪ್ಯಾಡ್ ಅಲ್ಲ, ಇಂಜೆಕ್ಟರ್ ಮತ್ತು ಹೆಡ್‌ಲೈಟ್ ಎಷ್ಟು ದಿನಕ್ಕೆ ಬರುತ್ತದೆ ಅಂತ ಸಾಮಾನಿನ ಅಂಗಡಿಯಲ್ಲಿ ಕೇಳಿ. ಆ ಉತ್ತರ ಕೇಳಿ ನಿರ್ಧಾರ ಮಾಡಿ.

ಪೆಟ್ರೋಲಾ, ಡೀಸೆಲಾ?

ವರ್ಷಕ್ಕೆ 10 ಸಾವಿರ ಕಿಲೋಮೀಟರ್ ಒಳಗೆ, ಅದೂ ಊರೊಳಗೇ ಅಂದರೆ ಪೆಟ್ರೋಲ್. ಜಾಸ್ತಿ ಓಡುವವರಿಗೆ ಡೀಸೆಲ್. ಹಳೆಯ ಪೆಟ್ರೋಲ್ ಗಾಡಿಗೆ ಒಂದು ಎಚ್ಚರ: ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಲ್ಲಿ ಬಹಳಷ್ಟರ ರಬ್ಬರ್ ಪೈಪು, ಸೀಲು ಅದಕ್ಕೆಂದು ಮಾಡಿದ್ದಲ್ಲ. ಟ್ಯಾಂಕ್ ಮುಚ್ಚಳದ ಒಳಗಡೆ ಏನು ಬರೆದಿದೆ ನೋಡಿಕೊಳ್ಳಿ.

ಹೈದರಾಬಾದ್ ಗಾಡಿ, ಎಂಎಚ್ ಪಾಸಿಂಗ್, ದೆಹಲಿ ಗಾಡಿ ಅಗ್ಗ ಸಿಗುತ್ತಲ್ಲ?

ಅಗ್ಗ ಸಿಗುತ್ತದೆ. ಅಗ್ಗ ಯಾಕೆ ಅಂತ ಕೇಳಿಕೊಳ್ಳಿ.

ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಮೇಲಿನ ಕಾರಿಗೆ ಲೈಫ್ ಟ್ಯಾಕ್ಸ್ ನೂರಕ್ಕೆ 18, ಮೇಲೆ ಸೆಸ್ ಬೇರೆ. ಹೊರರಾಜ್ಯದ ಹಳೆಯ ಗಾಡಿ ತಂದರೆ ವಯಸ್ಸಿಗೆ ತಕ್ಕ ಕಡಿತ ಸಿಗುತ್ತದೆ, ಆದರೆ ಲೆಕ್ಕ ಶುರುವಾಗುವುದು ಅದು ಹೊಸದಿದ್ದಾಗಿನ ಬೆಲೆಯಿಂದ. ನೀವು ಕೊಟ್ಟ 15 ಲಕ್ಷದ ಮೇಲಲ್ಲ. ಇಲ್ಲೇ ಜನ ಮೋಸ ಹೋಗುವುದು. ಮೊದಲು ಆರ್‌ಟಿಒ ಆಫೀಸಿಗೆ ಹೋಗಿ ಟ್ಯಾಕ್ಸ್ ಎಷ್ಟು ಬರುತ್ತದೆ ಕೇಳಿ, ಅದನ್ನು ಗಾಡಿ ರೇಟಿಗೆ ಕೂಡಿಸಿ, ಆಮೇಲೆ ನಮ್ಮ ಊರಿನ ಕೆಎ 32 ನಂಬರಿನ ಗಾಡಿ ಜೊತೆ ಹೋಲಿಸಿ. ಎಷ್ಟೋ ಸಲ ಊರ ಗಾಡಿಯೇ ಅಗ್ಗ ಆಗಿರುತ್ತದೆ.

"ಹೊರಗಿನ ನಂಬರಿನಲ್ಲೇ ಓಡಿಸಿದರಾಯ್ತು ಬಿಡಿ" ಅನ್ನುವ ಏಜೆಂಟರು ಇದ್ದಾರೆ. ಮೋಟಾರು ವಾಹನ ಕಾಯ್ದೆ ಪ್ರಕಾರ 12 ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಹಾಕಿಸಲೇಬೇಕು. ಬೆಂಗಳೂರಿನಲ್ಲಿ 2025ರಲ್ಲಿ ಹೊರರಾಜ್ಯದ ನಂಬರಿನ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆಯವರು ಹಿಡಿದ ಸುದ್ದಿ ನೀವೂ ಓದಿರುತ್ತೀರಿ.

ದೆಹಲಿ ಗಾಡಿಯ ಕಥೆ ಬೇರೆ. 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ನಿಯಮ ಸಡಿಲ, ಬಿಗಿ ಆಗುತ್ತಲೇ ಇದೆ. ಆ ಹೆದರಿಕೆಗೇ ಅಲ್ಲಿಯ ಒಳ್ಳೊಳ್ಳೆ ಗಾಡಿ ಕಡಿಮೆ ರೇಟಿಗೆ ಹೊರಗೆ ಬರುತ್ತವೆ. ಗಾಡಿ ಕೆಟ್ಟದ್ದೇ ಇರಬೇಕೆಂದಿಲ್ಲ. ಅಲ್ಲಿಯ ಆರ್‌ಟಿಒದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಕೈಗೆ ಬರದೆ ಪೂರ್ತಿ ದುಡ್ಡು ಮಾತ್ರ ಕೊಡಬೇಡಿ.

ನೀರು ಹೊಕ್ಕ ಗಾಡಿ ಗುರುತಿಸುವುದು ಹೇಗೆ?

ಹೈದರಾಬಾದಿನಲ್ಲಿ 2020ರ ಅಕ್ಟೋಬರ್ ಮಳೆಗೆ ಎಷ್ಟೋ ಗಾಡಿ ಮುಳುಗಿದ್ದವು. ಅದೇ ತಿಂಗಳು ನಮ್ಮ ಭೀಮೆಯೂ ಉಕ್ಕಿದ್ದಳು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ತುದಿಯಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಸುಗಂಧ ಜಾಸ್ತಿ ಹೊಡೆದಿದ್ದರೆ ಅನುಮಾನ ಪಡಿ.

ಇನ್ನೊಂದು ನೀರಿದೆ, ಸನ್‌ರೂಫಿನದ್ದು. ಅದರ ಸುತ್ತ ಮಳೆನೀರು ಇಳಿಯಲು ಸಣ್ಣ ಪೈಪು ಇರುತ್ತವೆ. ಬೇವಿನ ಮರದ ಕೆಳಗೆ ನಿಲ್ಲಿಸುವ ನಮ್ಮ ರೂಢಿಗೆ ಎಲೆ, ಧೂಳು ಸೇರಿ ಅವು ಕಟ್ಟಿಕೊಳ್ಳುತ್ತವೆ. ಮೊದಲ ದೊಡ್ಡ ಮಳೆಗೆ ನೀರು ಸೀದಾ ಒಳಗೆ. ನೋಡಲು ಹೋದಾಗ ಒಂದು ಬಾಟಲಿ ನೀರು ಸನ್‌ರೂಫ್ ಅಂಚಿಗೆ ಸುರಿದು ಕೆಳಗೆ ಸರಿಯಾಗಿ ಇಳಿಯುತ್ತಾ ನೋಡಿ.

ಮೀಟರ್ 48 ಸಾವಿರ ತೋರಿಸುತ್ತೆ. ನಂಬಬಹುದಾ?

ಮೀಟರ್ ಬಿಟ್ಟು ಉಳಿದದ್ದನ್ನೆಲ್ಲ ನೋಡಿ. ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗಿನ ಚರ್ಮ, ಡ್ರೈವರ್ ಸೀಟಿನ ಬಲ ಅಂಚು. 48 ಸಾವಿರಕ್ಕೆ ಇವು ಅಷ್ಟು ಸವೆಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದ ಟೈರು. ಐದಾರು ವರ್ಷ ದಾಟಿದ್ದರೆ ಟೈರಿನ ದುಡ್ಡು ರೇಟಿನಲ್ಲಿ ಕಳೆಯಿರಿ. ಪಂಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಾದರೆ ಇನ್ನೂ ಜಾಸ್ತಿ ಕಳೆಯಿರಿ, ಅಂಥ ಗಾಡಿಗಳಲ್ಲಿ ಸ್ಟೆಪ್ನಿಯೂ ಇರುವುದಿಲ್ಲ ಸಾಮಾನ್ಯವಾಗಿ. ಎಲ್ಲಕ್ಕಿಂತ ಮುಖ್ಯ ಕಂಪನಿ ಸರ್ವಿಸ್ ಹಿಸ್ಟರಿ. ಚಾಸಿಸ್ ನಂಬರಿನ ಮೇಲೆ ಎಲ್ಲ ದಾಖಲೆ ಅಲ್ಲಿ ಇರುತ್ತದೆ. ಮಾಲೀಕನನ್ನೇ ಕೇಳಿ ತೆಗೆಸಿ. 2021ರಲ್ಲಿ 92 ಸಾವಿರ ಇದ್ದ ಗಾಡಿ ಈಗ 48 ಸಾವಿರ ಆಗಿದ್ದರೆ ಮಾತು ಮುಗಿಯಿತು.

ನನಗೆ ಕೇಳಿದರೆ ಕಡಿಮೆ ಓಡಿ, ನಿಂತೇ ಇದ್ದ ಹಳೆಯ ಗಾಡಿಗಿಂತ 90 ಸಾವಿರ ಓಡಿ, ದಪ್ಪ ಬಿಲ್ ಫೈಲ್ ಇರುವ ಗಾಡಿಯೇ ವಾಸಿ.

ಟೆಸ್ಟ್ ಡ್ರೈವ್ ಯಾವಾಗ ಹೋಗಬೇಕು?

ಎರಡು ಸಲ. ಒಮ್ಮೆ ಬೆಳಿಗ್ಗೆ, ರಾತ್ರಿಯಿಡೀ ನಿಂತ ಗಾಡಿಯನ್ನು ನೀವೇ ಸ್ಟಾರ್ಟ್ ಮಾಡಬೇಕು. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಏನನ್ನೋ ಮುಚ್ಚಿಟ್ಟಿದ್ದಾರೆ. ಇನ್ನೊಮ್ಮೆ ಮಧ್ಯಾಹ್ನ ಎರಡು ಗಂಟೆಗೆ. ಎಸಿ ಫುಲ್ ಇಟ್ಟು ಅರ್ಧ ಗಂಟೆ ಓಡಿಸಿ, ಆಮೇಲೆ ಇಪ್ಪತ್ತು ನಿಮಿಷ ನಿಂತಲ್ಲೇ ಎಂಜಿನ್ ಚಾಲೂ ಬಿಡಿ. ಎಸಿ ತಣ್ಣಗೆ ಇದೆಯಾ, ಟೆಂಪರೇಚರ್ ಮುಳ್ಳು ನಡುವೆ ನಿಂತಿದೆಯಾ? ನಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಗಾಡಿ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಡಿಸೆಂಬರಿನಲ್ಲಿ ಎಲ್ಲ ಗಾಡಿಯ ಎಸಿಯೂ ಚೆನ್ನಾಗಿರುತ್ತದೆ.

ಮಳೆಗಾಲದಲ್ಲಿ ಹೊಲಕ್ಕೆ ಹೋಗುತ್ತಾ?

ಒದ್ದೆ ಎರೆ ಮಣ್ಣಿನಲ್ಲಿ ಟ್ರ್ಯಾಕ್ಟರ್ ಹೋಗುತ್ತದೆ. ಉಳಿದದ್ದು ನಿಮ್ಮ ಅದೃಷ್ಟ. ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೂ ರಸ್ತೆಯ ನುಣುಪು ಟೈರಿಗೆ ಎರೆ ಮಣ್ಣು ಮೆತ್ತಿಕೊಂಡರೆ ಅದು ಟೈರಲ್ಲ, ಮಣ್ಣಿನ ಚಕ್ರ. ಎರಡೇ ಚಕ್ರಕ್ಕೆ ಶಕ್ತಿ ಇರುವ ಫಾರ್ಚುನರ್ 4x2 ಇಟ್ಟುಕೊಂಡು ಸಿಕ್ಕಿಹಾಕಿಕೊಂಡವರನ್ನು ಎತ್ತು ಕಟ್ಟಿ ಎಳೆಸಿದ್ದು ನೋಡಿದ್ದೇನೆ.

ಸಾಲ, ಇನ್ಶೂರೆನ್ಸ್?

ಹಳೆಯ ಗಾಡಿಗೆ ಬ್ಯಾಂಕಿನವರು ಸುಲಭವಾಗಿ ಸಾಲ ಕೊಡುವುದಿಲ್ಲ, ಕೊಟ್ಟರೂ ಬಡ್ಡಿ ಜಾಸ್ತಿ. ಐದು ವರ್ಷದ ಗಾಡಿಗೆ ಇನ್ಶೂರೆನ್ಸಿನವರು ಹೊಸ ಬೆಲೆಯ ಅರ್ಧವನ್ನು ಐಡಿವಿ (ಗಾಡಿ ಪೂರ್ತಿ ಹೋದರೆ ಕೊಡುವ ಮೊತ್ತ) ಅಂತ ಹಿಡಿಯುತ್ತಾರೆ, ಐದು ದಾಟಿದರೆ ಅದು ಮಾತಾಡಿ ಒಪ್ಪಿಕೊಳ್ಳುವ ಲೆಕ್ಕ. ಸಾಮಾನಿನ ಸವೆತ ಕಳೆಯದೆ ದುಡ್ಡು ಕೊಡುವ ಜೀರೊ ಡೆಪ್ ಕವರ್ ಹಳೆಯ ಗಾಡಿಗೆ ಸಿಗುವುದು ಕಷ್ಟ, ಬಂಪರ್ ಒಂದು ಬದಲಿಸಿದರೂ ಪ್ಲಾಸ್ಟಿಕ್ಕಿನ ಅರ್ಧ ಬೆಲೆ ನಿಮ್ಮ ಕೈಯಿಂದಲೇ. ಮಾರುವವನ ನೋ ಕ್ಲೈಮ್ ಬೋನಸ್ ಅವನದ್ದು, ನಿಮಗೆ ಬರುವುದಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಎಲ್ಲ ಕೇಳಿದೆ, ಆದರೂ ನನಗೆ ಹಳೆಯ ದೊಡ್ಡದೇ ಬೇಕು.

ತಗೊಳ್ಳಿ, ನಾನೂ ಅದೇ ಮಾಡಿದ್ದೆ. ಕಬ್ಬಿಣದ ಸ್ಪ್ರಿಂಗ್ ಇರುವ ಮಾಡೆಲ್ಲೇ ಹುಡುಕಿ. ಕೊಳ್ಳುವ ರೇಟಿನ ನೂರಕ್ಕೆ 20ರಷ್ಟು ದುಡ್ಡು ಬೇರೆ ಖಾತೆಯಲ್ಲಿ ಇಡಿ, ಅದು ಗಾಡಿಯದ್ದು, ಮಗಳ ಫೀಜು ಕಟ್ಟುವುದಲ್ಲ. ಹೈದರಾಬಾದಿನಲ್ಲಿ ಆ ಒಂದೇ ಬ್ರಾಂಡಿನ ಕೆಲಸ ಮಾಡುವ ಹೊರಗಿನ ಗ್ಯಾರೇಜ್ ಮೊದಲೇ ಗೊತ್ತು ಮಾಡಿಕೊಂಡು, ಕೊಳ್ಳುವ ಮುಂಚೆ ಅವರ ಸ್ಕ್ಯಾನರಿಗೆ ಹಾಕಿಸಿ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. 13 ವರ್ಷದ ಗಾಡಿ ತಗೊಂಡರೆ ಎರಡೇ ವರ್ಷಕ್ಕೆ ಆ ಓಡಾಟ ನಿಮ್ಮ ಪಾಲಿಗೆ.

ಟೋಕನ್ ಎಷ್ಟು ಕೊಡಬೇಕು?

ಹತ್ತು ಸಾವಿರ, ಅದೂ ಅಕೌಂಟಿಗೆ ಹಾಕಿ, ಚೀಟಿಯಲ್ಲಿ ಗಾಡಿ ನಂಬರ್ ಬರೆಸಿಕೊಂಡು. ಎಂಪರಿವಾಹನ್ ಆ್ಯಪಿನಲ್ಲಿ ಸಾಲ ಬಾಕಿ ಇದೆಯಾ, ಎಷ್ಟನೇ ಮಾಲೀಕ, ದಂಡ ಬಾಕಿ ಎಷ್ಟು ನೋಡಿಕೊಳ್ಳಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಹೆಸರು ಬದಲಿಸಲು 29 ಮತ್ತು 30. ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು "ಆಮೇಲೆ ಮಾಡಿಕೊಡ್ತೀನಿ ರೀ" ಅನ್ನುವ ದಲಾಲಿ ಎದುರಿಗೆ ಕೂತಿದ್ದರೆ ಆ ಹತ್ತು ಸಾವಿರವನ್ನೂ ಜೇಬಿನಲ್ಲೇ ಇಟ್ಟುಕೊಳ್ಳಿ.